ಸರಿ ಉತ್ತರ ಬಲ್ಲವರ ಕೆಲಸ

1 ಎಕರೆ 39 ಗುಂಟೆಗೆ 2 ಗುಂಟೆ ಸೇರಿಸಿದರೆ ಎಷ್ಟಾಗುತ್ತದೆ? ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಲ್ಲಿ ಅಂಗೈಯಗಲ ಜಮೀನಿರುವವರೂ ಕಾಗದ ಪೆನ್ನು ಹುಡುಕದೆ 2 ಎಕರೆ 1 ಗುಂಟೆ ಎನ್ನುತ್ತಾರೆ. 40 ಗುಂಟೆ ತುಂಬಿದರೆ ಎಕರೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಪಹಣಿಯಲ್ಲಿ ಈ ವಿಸ್ತೀರ್ಣ 1.39 ಎಂದು ಚುಕ್ಕೆಯಿಟ್ಟು ಅಚ್ಚಾಗಿರುತ್ತದೆ. ಹೊಲದ ಬದು ತುಳಿಯದ ಡೆವಲಪರ್ ಒಬ್ಬರು ಆ ಚುಕ್ಕೆಯನ್ನು ದಶಮಾಂಶ ಎಂದುಕೊಂಡು ಜಮೀನಿನ ತಂತ್ರಾಂಶ ಬರೆದರೆ ಯಂತ್ರ ಕೊಡುವ ಉತ್ತರ 1.41. ಪ್ರೋಗ್ರಾಮ್ ನಡುವೆ ನಿಲ್ಲುವುದಿಲ್ಲ, ಪರದೆಯ ಮೇಲೆ ಕೆಂಪಕ್ಷರದ ಎಚ್ಚರಿಕೆ ಬರುವುದಿಲ್ಲ, ಪ್ರಿಂಟ್ ಕೂಡ ಅಂದವಾಗಿಯೇ ಬರುತ್ತದೆ. ತಪ್ಪಾಗಿದೆ ಎಂದು ತಿಳಿಯಬೇಕಾದರೆ ಸರಿ ಉತ್ತರ ಮೊದಲೇ ಗೊತ್ತಿರುವ ಒಬ್ಬರು ಪರದೆಯ ಮುಂದೆ ಕೂತಿರಬೇಕು. ಸಾಫ್ಟ್‌ವೇರ್ ಟೆಸ್ಟಿಂಗ್ ಎಂಬ ಉದ್ಯೋಗದ ತಿರುಳು ಇದೇ. ಅದಕ್ಕೆ ಬೇಕಾದ ಕೌಶಲಗಳ ಮಾತನ್ನೂ ಇಲ್ಲಿಂದಲೇ ಶುರು ಮಾಡಬೇಕು ಎಂಬುದು ಈ ಲೇಖನದ ವಾದ.

ಸಾಮಾನ್ಯವಾಗಿ ಆ ಮಾತು ಬೇರೆಲ್ಲಿಂದಲೋ ಶುರುವಾಗುತ್ತದೆ. ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಪದವಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವವರಿಗೆ ತರಬೇತಿ ಕೇಂದ್ರಗಳು ಒಪ್ಪಿಸುವ ಪಟ್ಟಿಯಲ್ಲಿ ಜಾವಾ, ಸೆಲೆನಿಯಂ, ಎಸ್‌ಕ್ಯೂಎಲ್, ಪೋಸ್ಟ್‌ಮ್ಯಾನ್, ಜಿರಾ ಇರುತ್ತವೆ. ಮೂರು ತಿಂಗಳಲ್ಲಿ ಇಷ್ಟನ್ನು ಮುಗಿಸಿದರೆ ಟೆಸ್ಟರ್ ಆದಂತೆ. ಪಟ್ಟಿಯಲ್ಲಿರುವ ಯಾವುದೂ ಬೇಡದ್ದಲ್ಲ. ಇವೆಲ್ಲ ಪರೀಕ್ಷೆಯನ್ನು ಬೇಗ ನಡೆಸಲು, ಮತ್ತೆ ಮತ್ತೆ ನಡೆಸಲು, ಕಂಡದ್ದನ್ನು ದಾಖಲಿಸಲು ಇರುವ ಸಲಕರಣೆಗಳು. ಏನನ್ನು ಪರೀಕ್ಷಿಸಬೇಕು, ಬಂದ ಉತ್ತರ ಸರಿಯೋ ತಪ್ಪೋ ಎಂಬ ಎರಡು ಪ್ರಶ್ನೆಗಳಿಗೆ ಅವುಗಳಲ್ಲಿ ಒಂದೂ ಉತ್ತರ ಹೇಳುವುದಿಲ್ಲ. ಸೆಲೆನಿಯಂಗೆ 1.41 ಬರಬೇಕು ಎಂದು ಬರೆದುಕೊಟ್ಟರೆ ಅದು ದಿನಕ್ಕೆ ಸಾವಿರ ಸಲ ನೋಡಿ ಸಾವಿರ ಸಲವೂ ಪಾಸ್ ಎಂದು ಹಸಿರು ಗೆರೆ ಎಳೆಯುತ್ತದೆ.

ಕರ್ನಾಟಕದಲ್ಲಿ ನಡೆದಿರುವ ಅತಿ ದೊಡ್ಡ ಸಾಫ್ಟ್‌ವೇರ್ ಪರೀಕ್ಷೆಗಳಲ್ಲಿ ಒಂದನ್ನು ನಡೆಸಿದವರ ಹೆಸರಿನ ಮುಂದೆ ಟೆಸ್ಟರ್ ಎಂಬ ಪದನಾಮವಿರಲಿಲ್ಲ. 1990ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರ ಭೂಮಿ ಯೋಜನೆಯನ್ನು ಕೈಗೆತ್ತಿಕೊಂಡಾಗ ರಾಜ್ಯದ ಜಮೀನಿನ ದಾಖಲೆಗಳೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು; ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ಕನ್ನಡ ತಂತ್ರಾಂಶ; ಗಣಕಕ್ಕೆ ಏರಿಸಿದ್ದನ್ನು ಮುದ್ರಿಸಿ, ಆ ಪ್ರತಿಯನ್ನು ಗ್ರಾಮ ಲೆಕ್ಕಿಗರ ಕೈಗೇ ಕೊಟ್ಟು ಮೂಲ ಪುಸ್ತಕದೊಂದಿಗೆ ತಾಳೆ ನೋಡಿಸಿ, ಮೇಲಿನವರಿಂದ ರುಜು ಹಾಕಿಸುವ ಕ್ರಮ. ಆ ಲೆಕ್ಕಿಗರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಕೀಲಿಮಣೆ ಮುಟ್ಟಿದವರೇ ಅಲ್ಲ. ಅವರಿಗೆ ಗೊತ್ತಿದ್ದದ್ದು ಇನ್ನೊಂದು ಸಂಗತಿ: ಈ ಸರ್ವೆ ನಂಬರಿನಲ್ಲಿ ಹಿಸ್ಸಾ ಎಷ್ಟು, 9ನೇ ಕಾಲಮ್ಮಿನಲ್ಲಿ ಇರಬೇಕಾದ ಹೆಸರು ಯಾರದು, 11ನೇ ಕಾಲಮ್ಮಿನಲ್ಲಿ ತೀರದೆ ಉಳಿದ ಸಾಲ ಯಾವುದು, ಖರಾಬು ಕಳೆದ ಮೇಲೆ ಸಾಗುವಳಿಗೆ ಎಷ್ಟು ಉಳಿಯುತ್ತದೆ. ಟೆಸ್ಟಿಂಗ್ ಪುಸ್ತಕಗಳು ‘ನಿರೀಕ್ಷಿತ ಫಲಿತಾಂಶ’ ಎಂದು ಕರೆಯುವುದು ಇದನ್ನೇ. ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಲೆಕ್ಕಿಗರು ನಿರೀಕ್ಷಿತ ಫಲಿತಾಂಶವನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದರು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಗಣಕೀಕೃತ ಪಹಣಿ ಸಿಗುವಂತಾಯಿತು, ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಅಲ್ಲಿಂದಾಚೆಗೆ ಪರದೆಯ ಮೇಲಿರುವುದೇ ಕಾನೂನು. ತಾಳೆ ನೋಡುವಾಗ ಕಣ್ತಪ್ಪಿದ್ದು ಎಷ್ಟು ಎಂಬುದಕ್ಕೆ ಪಹಣಿ ತಿದ್ದುಪಡಿಗಾಗಿ ಇವತ್ತಿಗೂ ತಾಲ್ಲೂಕು ಕಚೇರಿ ಅಲೆಯುವವರೇ ಸಾಕ್ಷಿ. ಕಣ್ಣಿಗೆ ಬಿದ್ದು ತಿದ್ದಿಸಿಕೊಂಡದ್ದಕ್ಕೆ ಸಾಕ್ಷಿಯಿಲ್ಲ. ಈ ಉದ್ಯೋಗದ ಹಣೆಬರಹವೇ ಅದು.

ಟೆಸ್ಟಿಂಗ್‌ನ ಮೊದಲ ಪಾಠಗಳಲ್ಲಿ ಒಂದು ಎಲ್ಲೆಯ ಪರೀಕ್ಷೆ. ತಪ್ಪುಗಳು ಹರವಿನ ಮಧ್ಯದಲ್ಲಿ ಕೂರುವುದಕ್ಕಿಂತ ಅಂಚಿನಲ್ಲಿ ಕೂರುವುದೇ ಹೆಚ್ಚು. ಆದ್ದರಿಂದ ಒಂದು ಬೆಲೆಯ ಅಂಚಿನಲ್ಲಿ, ಅದಕ್ಕೆ ತುಸು ಒಳಗೆ, ತುಸು ಹೊರಗೆ ನಿಂತು ನೋಡಬೇಕು. ಗುಂಟೆಯ ವಿಷಯದಲ್ಲಿ ಅಂಚು 39 ಮತ್ತು 40. ಅದರ ಕೆಳಗೆ ಇನ್ನೊಂದು ಅಂಚಿದೆ: 16 ಆಣೆಗೆ ಒಂದು ಗುಂಟೆ. ಎರಡೂ ಅಂಚು ಒಟ್ಟಿಗೆ ತುಂಬುವ 0 ಎಕರೆ 39 ಗುಂಟೆ 15 ಆಣೆಗೆ 1 ಆಣೆ ಸೇರಿಸಿ ನೋಡುವ ಯೋಚನೆ ಬರಬೇಕಾದರೆ ಆಣೆ ಎಂಬುದೊಂದಿದೆ ಎಂದು ತಿಳಿದಿರಬೇಕು. ಎರಡನೆಯ ಪಾಠ, ಒಂದೇ ಬಗೆಯಾಗಿ ವರ್ತಿಸುವ ಬೆಲೆಗಳನ್ನೆಲ್ಲ ಒಂದು ಗುಂಪು ಮಾಡಿ ಗುಂಪಿಗೊಂದರಂತೆ ನೋಡುವುದು. ಅಲ್ಲೂ ಅಷ್ಟೆ. ಖರಾಬಿನಲ್ಲಿ ‘ಅ’ ಖರಾಬು, ‘ಬ’ ಖರಾಬು ಎಂಬ ಭೇದವಿದೆ, ಪೋಡಿಯಾಗದೆ ಜಂಟಿ ಖಾತೆಯಲ್ಲೇ ಉಳಿದ ಜಮೀನಿದೆ, ಹೆಸರಿರುವಾತ ತೀರಿಹೋಗಿ ಪೌತಿ ಖಾತೆ ಆಗಬೇಕಾದ ಪ್ರಕರಣಗಳಿವೆ. ಇವು ತಿಳಿಯದವರು ಮಾಡುವ ಗುಂಪು ‘ಜಮೀನು’ ಎಂಬ ಒಂದೇ ಗುಂಪು. ಅಂಥ ಪರೀಕ್ಷೆ ಎಷ್ಟು ದೊಡ್ಡದಾದರೂ ಒಂದೇ ಬಾಗಿಲನ್ನು ನೂರು ಸಲ ತಟ್ಟಿದಂತೆ.

ಸರ್ವೆ ನಂಬರಿನದೇ ಇನ್ನೊಂದು ಕಥೆಯಿದೆ. 5ನೇ ಸರ್ವೆ ನಂಬರಿನ 2ನೇ ಹಿಸ್ಸಾವನ್ನು 5/2 ಎಂದು ಬರೆಯುವುದು ವಾಡಿಕೆ. ಅದನ್ನು ಎಕ್ಸೆಲ್ ಹಾಳೆಯಲ್ಲಿ ಹಾಗೆಯೇ ಟೈಪ್ ಮಾಡಿ ನೋಡಿ. ಕಂಪ್ಯೂಟರಿನ ದಿನಾಂಕದ ಹೊಂದಿಕೆಗೆ ತಕ್ಕಂತೆ ಅದು ಫೆಬ್ರವರಿ 5 ಅಥವಾ ಮೇ 2 ಆಗಿ ಕೂರುತ್ತದೆ. 3 ಎಕರೆ 12 ಗುಂಟೆಯನ್ನು 3-12 ಎಂದು ಬರೆದರೂ ಅದೇ ಗತಿ. ಇದನ್ನು ನಗೆಯ ವಿಷಯವೆಂದು ತಳ್ಳಿಹಾಕುವವರು ಜಗತ್ತಿನ ತಳಿವಿಜ್ಞಾನಿಗಳಿಗೆ ಆದದ್ದನ್ನು ಗಮನಿಸಬೇಕು. ಮಾನವನ ಕೆಲವು ಜೀನ್‌ಗಳ ಸಂಕ್ಷಿಪ್ತ ಹೆಸರುಗಳು ‘ಮಾರ್ಚ್1’, ‘ಸೆಪ್ಟ್1’ ಎಂಬಂತಿದ್ದವು; ಎಕ್ಸೆಲ್ ಅವನ್ನೂ ತಾರೀಕು ಮಾಡುತ್ತಿತ್ತು. ಎಷ್ಟೋ ಪ್ರಬಂಧಗಳ ಕೋಷ್ಟಕಗಳು ಕೆಟ್ಟ ಮೇಲೆ 2020ರಲ್ಲಿ ಹೆಸರಿಡುವ ಸಮಿತಿ ಜೀನ್‌ಗಳ ಹೆಸರನ್ನೇ ಬದಲಿಸಿತು. ತಳಿವಿಜ್ಞಾನಿಗಳು ಹೆಸರು ಬದಲಿಸಿಕೊಂಡರು, ಸರಿ. ಹಳೇಕೋಟೆಯ ರೈತ ತನ್ನ ಸರ್ವೆ ನಂಬರನ್ನು ಬದಲಿಸಿಕೊಳ್ಳಲಾರ.

ಊರಿನ ಹೆಸರೂ ಒಂದು ಪರೀಕ್ಷೆಯೇ. ಹಳೇಕೋಟೆ ಎಂದು ಓದುವಾಗ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನಗಳೂ ಸ್ವರಚಿಹ್ನೆಗಳೂ ಸೇರಿ 7 ಸಂಕೇತ. ಅಂತರಜಾಲದಲ್ಲಿ ಬಹುಪಾಲು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಜಾಗ ಬೇಕು, ಅಂದರೆ ಒಟ್ಟು 21 ಬೈಟ್. ಇಂಗ್ಲಿಷಿನ ಅಳತೆಯಲ್ಲಿ ಊರಿನ ಹೆಸರಿಗೆ 20 ಬೈಟ್ ಸಾಕೆಂದು ಯಾರಾದರೂ ಅಂಕಣ ಕತ್ತರಿಸಿದ್ದರೆ ಕೊನೆಯ ಎತ್ವ ಅರ್ಧಕ್ಕೆ ತುಂಡಾಗಿ ‘ಹಳೇಕೋಟ’ದ ಮುಂದೆ ಪ್ರಶ್ನಾರ್ಥಕ ಚಿಹ್ನೆಯೋ ಕಪ್ಪು ಚೌಕವೋ ಬಂದು ನಿಲ್ಲುತ್ತದೆ. ಇನ್ನೂ ಸೂಕ್ಷ್ಮವಾದದ್ದು ಒಂದಿದೆ. ‘ಳೇ’ಯ ಏತ್ವವನ್ನು ಒಂದೇ ಸಂಕೇತವಾಗಿಯೂ ಉಳಿಸಿಡಬಹುದು, ಎತ್ವ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಉಳಿಸಿಡಬಹುದು, ‘ಕೋ’ದ ಓತ್ವಕ್ಕೂ ಹೀಗೆಯೇ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಪರದೆಯ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಆದರೆ ಬೈಟ್‌ಗಳನ್ನು ಹೋಲಿಸಿ ಹುಡುಕುವ ಪ್ರೋಗ್ರಾಮಿಗೆ ಅವು ಬೇರೆ ಬೇರೆ ಊರುಗಳು. ಈ ರೂಪಗಳು ಸಮಾನವೆಂದು ಯೂನಿಕೋಡ್ ನಿಯಮ ಹೇಳುತ್ತದೆ, ಹೋಲಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನೂ ಕೊಟ್ಟಿದೆ. ಡೆವಲಪರ್ ಅದನ್ನು ಬಳಸಿದ್ದಾರೋ ಇಲ್ಲವೋ ಎಂದು ನೋಡುವುದು ಟೆಸ್ಟರ್ ಕೆಲಸ. ಇದರ ಮೇಲೆ ಮನುಷ್ಯರ ಬರವಣಿಗೆಯ ಹೆಚ್ಚು ಕಡಿಮೆ ಬೇರೆ: ಹಳೆಕೋಟೆ, ಹಳೇಕೋಟೆ, ಹೊಳೆನರಸೀಪುರ, ಹೊಳೇನರಸೀಪುರ, ಚನ್ನರಾಯಪಟ್ಟಣ, ಚೆನ್ನರಾಯಪಟ್ಟಣ. ಇಲ್ಲಿ ಯೂನಿಕೋಡ್ ನೆರವಿಗೆ ಬರುವುದಿಲ್ಲ. ಎರಡೂ ಒಂದೇ ಊರು ಎಂದು ಬಲ್ಲವರೇ ಹೇಳಬೇಕು.

ಜನರ ಹೆಸರಿಗೆ ಬಂದರೆ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳನ್ನು ಕಡ್ಡಾಯ ಮಾಡಿದ ಅರ್ಜಿ ನಮೂನೆಗಳು ನಮ್ಮ ಕಡೆಯವರನ್ನು ಕಾಡಿದಷ್ಟು ಬೇರಾವುದೂ ಕಾಡಿರಲಾರದು. ಇದೇ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಿಂದ ಹೋಗಿ 1996ರಲ್ಲಿ ಪ್ರಧಾನಿಯಾದವರ ಪೂರ್ಣ ಹೆಸರು ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಊರು, ತಂದೆ, ಆಮೇಲೆ ಸ್ವಂತದ್ದು. ಇದರಲ್ಲಿ ಕೊನೆಯ ಹೆಸರು ಯಾವುದು? ಇನಿಷಿಯಲ್ ಮುಂದೆಯೋ ಹಿಂದೆಯೋ, ಚುಕ್ಕೆ ಇರಬೇಕೋ ಬೇಡವೋ, ಗೌಡ ಎಂಬುದು ಹೆಸರಿಗೆ ಅಂಟಬೇಕೋ ಬಿಡಿಯಾಗಬೇಕೋ ಎಂಬುದನ್ನು ಪಹಣಿ ಒಂದು ರೀತಿ, ಆಧಾರ್ ಇನ್ನೊಂದು ರೀತಿ, ಬ್ಯಾಂಕ್ ಪಾಸ್‌ಪುಸ್ತಕ ಮತ್ತೊಂದು ರೀತಿ ತೀರ್ಮಾನಿಸಿರುತ್ತವೆ. ಪಹಣಿಗೆ ಆಧಾರ್ ಜೋಡಿಸುವ ಅಭಿಯಾನವನ್ನು ರಾಜ್ಯ 2024ರಲ್ಲಿ ಚುರುಕುಗೊಳಿಸಿದಾಗ ಈ ಪ್ರಶ್ನೆಗಳೆಲ್ಲ ಒಂದೇ ಪರದೆಗೆ ಬಂದವು. ಹೆಸರು ತಾಳೆಯಾಗದೆ ಪರಿಹಾರದ ಹಣವೋ ವಿಮೆಯೋ ನಿಂತವರಿಗೆ ಇದು ತಾಂತ್ರಿಕ ಸಮಸ್ಯೆಯಾಗಿ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಏಳುತ್ತದೆ, ನ್ಯಾಯವಾದದ್ದೇ. ವಿಷಯದ ಜ್ಞಾನ ಒದಗಿಸಲು ಬಿಸಿನೆಸ್ ಅನಲಿಸ್ಟ್ ಎಂಬವರಿದ್ದಾರೆ, ಗ್ರಾಹಕರೇ ಏನು ಬೇಕೆಂದು ಬರೆದುಕೊಡುತ್ತಾರೆ. ಅದರ ಪ್ರಕಾರ ಇದೆಯೋ ಇಲ್ಲವೋ ನೋಡಿದರೆ ಟೆಸ್ಟರ್ ಕೆಲಸ ಮುಗಿಯಿತಲ್ಲವೇ? ತೊಡಕಿರುವುದು ಹೀಗೆ ಬರೆದುಕೊಟ್ಟ ಕಾಗದದ ಸ್ವಭಾವದಲ್ಲಿ. ಯಾವುದು ತೀರಾ ಚೆನ್ನಾಗಿ ಗೊತ್ತಿರುತ್ತದೋ ಅದನ್ನು ಯಾರೂ ಬರೆಯುವುದಿಲ್ಲ. 40 ಗುಂಟೆಗೆ ಎಕರೆ ಎಂದು ಕಂದಾಯ ಇಲಾಖೆಯವರು ಬರೆದುಕೊಡುವುದನ್ನು ಮರೆತರೆ ಅದು ಅವರ ಅಜ್ಞಾನದಿಂದಲ್ಲ, ಅತಿ ಪರಿಚಯದಿಂದ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ 40 ಸೆಕೆಂಡು ಕೂಡ ತುಂಬುವ ಮೊದಲೇ ಸಿಡಿದದ್ದು ಇಂಥದೇ ಮೌನದಿಂದ. ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ಪ್ರೋಗ್ರಾಮಿನ ಭಾಗವನ್ನೇ ಹೊಸ ರಾಕೆಟ್ಟಿಗೂ ಹಾಕಿದ್ದರು. ಹೊಸದು ಹಳೆಯದಕ್ಕಿಂತ ಬೇಗ ಅಡ್ಡಕ್ಕೆ ವೇಗ ಪಡೆಯುತ್ತಿತ್ತು. ಆ ವೇಗಕ್ಕೆ ಸಂಬಂಧಿಸಿದ ಸಂಖ್ಯೆ 32,767ಕ್ಕಿಂತ ದೊಡ್ಡದನ್ನು ಹಿಡಿಯಲಾರದ ಜಾಗಕ್ಕೆ ಹೋಗಿ ತುಳುಕಿತು. ಹೊಸ ರಾಕೆಟ್ಟಿನ ಹಾದಿಯ ಅಂಕಿಗಳನ್ನು ಕೊಟ್ಟು ಆ ಭಾಗವನ್ನು ಯಾರೂ ಪರೀಕ್ಷಿಸಿರಲಿಲ್ಲ. ಪ್ರೋಗ್ರಾಮ್ ಬರೆದುಕೊಟ್ಟಂತೆಯೇ ಇತ್ತು. ಬರೆದುಕೊಟ್ಟದ್ದು ಹಳೆಯ ರಾಕೆಟ್ಟಿನ ಕಾಗದ.

ಬಾಹ್ಯಾಕಾಶದ ಮಾತು ಹಾಸನದವರಿಗೆ ದೂರದ್ದಲ್ಲ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದ ಸಾಲಗಾಮೆ ರಸ್ತೆಯಲ್ಲಿದೆ. ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಸುಮಾರು 36,000 ಕಿ.ಮೀ. ಎತ್ತರದ ಕಕ್ಷೆಗೆ ಏರಿಸಿ ಅಲ್ಲಿ ನೆಲೆ ನಿಲ್ಲಿಸುವ ಆದೇಶಗಳು ಹೊರಡುವುದು ಅಲ್ಲಿಂದ. ಮೇಲೆ ಹೋದದ್ದನ್ನು ಕೆಳಗಿಳಿಸಿ ರಿಪೇರಿ ಮಾಡುವಂತಿಲ್ಲವಾದ್ದರಿಂದ ತಪ್ಪಿನ ಸಾಧ್ಯತೆಗಳನ್ನೆಲ್ಲ ನೆಲದ ಮೇಲೇ ಊಹಿಸಿ ನೋಡಬೇಕು. ಈ ಊಹೆ ಎಷ್ಟು ಅಗಲವಾಗಿರಬೇಕು ಎಂಬುದಕ್ಕೆ ಚಂದ್ರಯಾನದ ಎರಡು ಯಾತ್ರೆಗಳು ಉದಾಹರಣೆ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಂ ಇಳಿಯುವಾಗ ಎಂಜಿನ್‌ಗಳ ಒತ್ತು ನಿರೀಕ್ಷೆಗಿಂತ ಹೆಚ್ಚಾಯಿತು, ಆ ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡವು, ಅವನ್ನು ಬೇಗ ಸರಿಪಡಿಸಲು ತಂತ್ರಾಂಶಕ್ಕೆ ಹಾಕಿದ್ದ ಮಿತಿ ಬಿಡಲಿಲ್ಲ. ಇಳಿಯಲು ಗೊತ್ತು ಮಾಡಿದ್ದ ಜಾಗವೂ 500 ಮೀಟರ್ ಚೌಕದಷ್ಟು ಕಿರಿದು. 2023ರಲ್ಲಿ ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಇದನ್ನು ಬಹಿರಂಗವಾಗಿಯೇ ವಿವರಿಸಿದರು. ಮೂರನೆಯ ಯಾತ್ರೆಯ ವಿನ್ಯಾಸವನ್ನು ಅವರು ವಿವರಿಸಿದ ರೀತಿ ಟೆಸ್ಟರ್‌ಗಳಿಗೆ ಹೇಳಿ ಮಾಡಿಸಿದ್ದು: ಗೆಲ್ಲಲು ಏನೇನು ಬೇಕು ಎಂಬ ಎಣಿಕೆಯನ್ನು ಬಿಟ್ಟು, ಏನೇನು ಕೆಡಬಹುದು, ಕೆಟ್ಟರೂ ಇಳಿಯುವುದು ಹೇಗೆ ಎಂಬ ಎಣಿಕೆಯಿಂದ ಹೊರಟರು. ಸೆನ್ಸರ್ ಕೆಟ್ಟರೆ, ಎಂಜಿನ್ ಕೆಟ್ಟರೆ, ಲೆಕ್ಕ ತಪ್ಪಿದರೆ ಎಂದು ಒಂದೊಂದನ್ನೂ ಪರೀಕ್ಷಿಸಿ 2023ರ ಆಗಸ್ಟ್ 23ರಂದು ಇಳಿಸಿದರು. ಕೆಡುಕನ್ನೇ ಮುಂಚಿತವಾಗಿ ಎಣಿಸುವ ಇಂಥ ಮನಸ್ಸು ಟೆಸ್ಟರ್‌ಗೆ ಬೇಕಾದ ಎರಡನೆಯ ಗುಣ. ಮನೆಯಲ್ಲಿ ಇಂಥವರನ್ನು ಅಪಶಕುನ ನುಡಿಯುವವರು ಎಂದು ಬೈಯುತ್ತಾರೆ. ಪರೀಕ್ಷಾ ವಿಭಾಗದಲ್ಲಿ ಅವರಿಗೆ ಸಂಬಳ ಸಿಗುತ್ತದೆ.

ಯಂತ್ರ ಹೇಳಿದ್ದೇ ನಿಜ ಎಂಬ ನಂಬಿಕೆ ಬೇರೂರಿದ ಕಡೆ ಈ ಗುಣ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಗಿಂತ ಕಟುವಾದ ನಿದರ್ಶನವಿಲ್ಲ. ಅಲ್ಲಿ 1999ರಿಂದ ಬಳಕೆಗೆ ಬಂದ, ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಇಲ್ಲದ ಕೊರತೆಗಳನ್ನು ತೋರಿಸುತ್ತಿತ್ತು. ಕೊರತೆ ತುಂಬಿಕೊಡಿ ಎಂದು ಉಪ ಅಂಚೆ ಕಚೇರಿ ನಡೆಸುವವರನ್ನು ಪೀಡಿಸಿದರು, ಕಳ್ಳತನದ ಮೊಕದ್ದಮೆ ಹೂಡಿದರು. ವರ್ಷಗಳುದ್ದಕ್ಕೂ 900ಕ್ಕೂ ಹೆಚ್ಚು ಜನ ಶಿಕ್ಷೆಗೊಳಗಾದರು. 2024ರಲ್ಲಿ ಸಂಸತ್ತು ಕಾನೂನು ತಂದು ಆ ತೀರ್ಪುಗಳನ್ನು ಅಳಿಸಬೇಕಾಯಿತು. ಲೆಕ್ಕ ಸರಿಯಿಲ್ಲ ಎಂದು ಆ ಕಚೇರಿಗಳವರು ಮೊದಲಿನಿಂದಲೂ ದೂರುತ್ತಲೇ ಇದ್ದರು. ಅವರ ದೂರನ್ನು ಬಗ್ ಎಂದು ಓದುವವರು ಇರಲಿಲ್ಲ. ಕೈಬರಹದ ಪಹಣಿಗೆ ಬೆಲೆಯಿಲ್ಲದ ನಾಡಿನಲ್ಲಿ ಈ ಕಥೆಯನ್ನು ಪರದೇಶದ ಸುದ್ದಿಯೆಂದು ಓದಿ ಪುಟ ಮಗುಚಲು ಬಾರದು.

ದೂರನ್ನು ಓದುವ ಕೌಶಲದ ಇನ್ನೊಂದು ಮಗ್ಗುಲು ದೂರನ್ನು ಬರೆಯುವ ಕೌಶಲ. ‘ಪಹಣಿ ಬರ್ತಿಲ್ಲ, ಸರ್ವರ್ ಪ್ರಾಬ್ಲಂ’ ಎಂಬುದು ನಾಡಕಚೇರಿಯ ಕಿಟಕಿಯಲ್ಲಿ ಸಾಕಾಗುವ ಉತ್ತರ, ಬಗ್ ವರದಿಯಲ್ಲಿ ಸಾಲದು. ಯಾವ ಬ್ರೌಸರ್, ಯಾವ ಹೋಬಳಿ, ಯಾವ ಸರ್ವೆ ನಂಬರ್, ಯಾವ ಗುಂಡಿ ಒತ್ತಿದ ಮೇಲೆ, ಏನು ಬರಬೇಕಿತ್ತು, ಏನು ಬಂತು, ಮತ್ತೆ ಮಾಡಿದರೆ ಮತ್ತೆ ಹಾಗೇ ಆಗುತ್ತದೆಯೇ ಎಂಬುದನ್ನು ಓದಿದವರು ಅನುಮಾನವಿಲ್ಲದೆ ಅನುಸರಿಸುವಂತೆ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ಇಂಗ್ಲಿಷಿಗೆ ಹೆದರುತ್ತಾರೆ. ವರದಿಯ ಇಂಗ್ಲಿಷು ಸಣ್ಣದು. ಇನ್ನೂರು ಮುನ್ನೂರು ಪದಗಳಲ್ಲಿ ನಡೆದುಹೋಗುತ್ತದೆ. ನಿಜವಾಗಿ ಕಷ್ಟವಾದದ್ದು ಕ್ರಮ. ನಡೆದದ್ದನ್ನು ನಡೆದ ಅನುಕ್ರಮದಲ್ಲಿ, ಊಹೆ ಬೆರೆಸದೆ, ಯಾರ ಮೇಲೂ ಗೂಬೆ ಕೂರಿಸದೆ ಹೇಳುವುದು ಯಾವ ಭಾಷೆಯಲ್ಲಾದರೂ ಅಭ್ಯಾಸದಿಂದಲೇ ಬರಬೇಕು. ಪಂಚನಾಮೆ ಬರೆಯುವವರಿಗೆ ಅದು ಬರುತ್ತದೆ, ಎಂಜಿನಿಯರಿಂಗ್ ಪದವೀಧರರಿಗೆ ಹಲವು ಸಲ ಬರುವುದಿಲ್ಲ.

ಈಗ ಉದ್ಯೋಗ ಮಾರುಕಟ್ಟೆಯ ಆಕ್ಷೇಪ. ಸಂದರ್ಶನದಲ್ಲಿ ಗುಂಟೆಯ ಲೆಕ್ಕ ಕೇಳುವುದಿಲ್ಲ, ಜಾವಾ ಕೇಳುತ್ತಾರೆ. ನಿಜ. ಬರೀ ಕೈಯಿಂದ ಒತ್ತಿ ನೋಡುವ ಮ್ಯಾನುಯಲ್ ಟೆಸ್ಟಿಂಗ್‌ಗೆ ಹೊಸಬರನ್ನು ಸೇರಿಸಿಕೊಳ್ಳುವುದು ಕಡಿಮೆಯಾಗಿದೆ. ಒಂದು ಪ್ರೋಗ್ರಾಮಿಂಗ್ ಭಾಷೆ, ದತ್ತಾಂಶದಿಂದ ಬೇಕಾದ್ದನ್ನು ಹೆಕ್ಕುವಷ್ಟು ಎಸ್‌ಕ್ಯೂಎಲ್, ಎಪಿಐ ಪರೀಕ್ಷೆ, ಗಿಟ್, ಸೆಲೆನಿಯಂ ಅಥವಾ ಪ್ಲೇರೈಟ್ ಇಲ್ಲದೆ ಬಾಗಿಲು ತೆರೆಯುವುದು ಕಷ್ಟ. ಇದನ್ನು ಮುಚ್ಚಿಟ್ಟು ವಿಷಯಜ್ಞಾನವೇ ಸಾಕು ಎಂದರೆ ಅದು ಮೋಸ. ಐಎಸ್‌ಟಿಕ್ಯೂಬಿ ಎಂಬ ಟೆಸ್ಟಿಂಗ್ ಅರ್ಹತಾ ಮಂಡಳಿಯ ಆರಂಭಿಕ ಪ್ರಮಾಣಪತ್ರವೂ ಕೆಲವು ಕಂಪನಿಗಳಲ್ಲಿ ಉಪಯೋಗಕ್ಕೆ ಬರುತ್ತದೆ; 60 ನಿಮಿಷ, 40 ಪ್ರಶ್ನೆ, 26 ಸರಿಯಾದರೆ ತೇರ್ಗಡೆ. ಆದರೆ ಈ ಸಲಕರಣೆಗಳನ್ನು ಕಲಿಸುವಾಗಲೂ ಕೈಗೆ ಕೊಡುವ ಲೆಕ್ಕ ಯಾವುದು ಎಂಬುದು ಮುಖ್ಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಟೆಸ್ಟಿಂಗ್ ಪ್ರಯೋಗಾಲಯದಲ್ಲಿ ವರ್ಷಗಳ ಕಾಲ ನಡೆದು ಬಂದ ಅಭ್ಯಾಸಗಳಲ್ಲಿ ‘ಕಮಿಷನ್ ಪ್ರಾಬ್ಲಂ’ ಒಂದು. ಪಾಲ್ ಜೋರ್ಗೆನ್ಸನ್ ಅವರ ಪಠ್ಯಪುಸ್ತಕದಿಂದ ಬಂದ ಅದರಲ್ಲಿ ಅಮೆರಿಕದ ಅರಿಜೋನಾ ಪ್ರಾಂತ್ಯದ ಮಾರಾಟಗಾರನೊಬ್ಬ ಬಂದೂಕಿನ ಬಿಡಿಭಾಗಗಳನ್ನು 45, 30, 25 ಡಾಲರಿನಂತೆ ಮಾರುತ್ತಾನೆ. ತಿಂಗಳಿಗೆ 70, 80, 90ರ ಮಿತಿಯೊಳಗೆ ಅವನಿಗೆ ಸಲ್ಲುವ ಕಮಿಷನ್ ಎಷ್ಟು? ಲೆಕ್ಕ ಚೆನ್ನಾಗಿಯೇ ಇದೆ, ಎಲ್ಲೆಯ ಪರೀಕ್ಷೆ ಕಲಿಸಲು ತಕ್ಕುದಾಗಿಯೂ ಇದೆ. ಆದರೆ ಅರಕಲಗೂಡಿನಿಂದ ಬಂದ ವಿದ್ಯಾರ್ಥಿನಿಗೆ ಅರಿಜೋನಾದ ಬಂದೂಕಿನ ಲೆಕ್ಕದಲ್ಲಿ ಪ್ರಶ್ನಿಸಲು ಏನೂ ಇಲ್ಲ. ಕೊಟ್ಟಿದ್ದನ್ನು ಒಪ್ಪಿಕೊಂಡು ಕೋಷ್ಟಕ ತುಂಬಬೇಕಷ್ಟೆ. ಅದೇ ಜಾಗದಲ್ಲಿ ಪೋಡಿಯ ಲೆಕ್ಕ ಕೊಟ್ಟಿದ್ದರೆ ಅವಳೇ ಮೇಷ್ಟ್ರನ್ನು ಎದುರು ಪ್ರಶ್ನೆ ಕೇಳುತ್ತಿದ್ದಳು. ಕಲಿಯಬೇಕಾದದ್ದು ಆ ಎದುರು ಪ್ರಶ್ನೆಯನ್ನೇ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ವಾದಕ್ಕೆ ಬೆಲೆಯೆಲ್ಲಿ ಎಂದು ಕೇಳುವವರಿದ್ದಾರೆ. ಒಂದು ವಾಕ್ಯ ಬರೆದರೆ ನೂರು ಟೆಸ್ಟ್ ಕೇಸ್ ಉದುರಿಸುವ ಸಲಕರಣೆಗಳು ಈಗ ಬಳಕೆಯಲ್ಲಿವೆ. ಸ್ವಯಂಚಾಲಿತ ಪರೀಕ್ಷೆಗಳು ಎಷ್ಟೇ ಇದ್ದರೂ ಅವುಗಳೊಳಗೆ ಏನಿದೆ ಎಂದು ನೋಡದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19 ತೋರಿಸಿಕೊಟ್ಟಿದೆ. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಕಡತದಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ತಂತ್ರಾಂಶದ ಒಂದು ಭಾಗ 21 ವಿವರಗಳನ್ನು ನಿರೀಕ್ಷಿಸುತ್ತಿತ್ತು, ಇನ್ನೊಂದು ಭಾಗ ಒದಗಿಸುತ್ತಿದ್ದದ್ದು 20. ಪರೀಕ್ಷೆಗಳಿರಲಿಲ್ಲ ಎಂದಲ್ಲ. ಇದ್ದವು, ಪಾಸೂ ಆಗಿದ್ದವು. ಆದರೆ ಅವುಗಳಲ್ಲಿ 21ನೆಯ ವಿವರದ ಜಾಗಕ್ಕೆ ‘ಏನಿದ್ದರೂ ಸರಿ’ ಎಂಬ ಗುರುತು ಹಾಕಿದ್ದರಿಂದ ಆ ಜಾಗವನ್ನು ನೋಡುವ ಪ್ರಸಂಗವೇ ಬರಲಿಲ್ಲ. ಬುದ್ಧಿಮತ್ತೆಯ ಸಲಕರಣೆ ಹೆಚ್ಚು ಟೆಸ್ಟ್ ಕೇಸ್ ಬರೆದಷ್ಟೂ ಅವುಗಳಲ್ಲಿ ಯಾವುದು ನಿಜವಾಗಿ ನೋಡುತ್ತಿದೆ, ಯಾವುದು ಕಣ್ಣು ಮುಚ್ಚಿಕೊಂಡು ತಲೆಯಾಡಿಸುತ್ತಿದೆ ಎಂದು ವಿಂಗಡಿಸುವ ಕೆಲಸ ಹೆಚ್ಚುತ್ತದೆ. ಎಕರೆಗೆ 40 ಗುಂಟೆ ಎಂಬುದು ಆ ಸಲಕರಣೆಗೂ ಗೊತ್ತಿರಬಹುದು. ಆದರೆ ತನ್ನ ಮುಂದಿರುವ 1.39 ಎಂಬ ಸಂಖ್ಯೆ ಎಕರೆ ಗುಂಟೆಯೋ ದಶಮಾಂಶವೋ ಎಂದು ಅದಕ್ಕೆ ಯಾರಾದರೂ ಹೇಳಬೇಕು, ಹೇಳದಿದ್ದರೆ ಅದು ಆತ್ಮವಿಶ್ವಾಸದಿಂದಲೇ ಒಂದನ್ನು ಆರಿಸಿಕೊಳ್ಳುತ್ತದೆ.

ಟೆಸ್ಟಿಂಗ್ ಎರಡನೆಯ ದರ್ಜೆಯ ಕೆಲಸ, ಡೆವಲಪರ್ ಆಗಲಾರದವರು ಆಯ್ದುಕೊಳ್ಳುವುದು ಎಂಬ ಮಾತೂ ಚಾಲ್ತಿಯಲ್ಲಿದೆ. ಸಂಬಳದ ಅಂತರ ಹಲವು ಕಡೆ ಇದೆ; 2014ರ ಸುಮಾರಿಗೆ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ವಿಭಾಗದಲ್ಲಿ ಪ್ರತ್ಯೇಕ ಟೆಸ್ಟರ್ ಹುದ್ದೆಗಳನ್ನು ಬಹುಮಟ್ಟಿಗೆ ಕೈಬಿಟ್ಟು ಡೆವಲಪರ್‌ಗಳಿಗೇ ಆ ಹೊಣೆ ವಹಿಸಿತು, ಬೇರೆ ಕೆಲವರೂ ಹಿಂಬಾಲಿಸಿದರು. ಹುದ್ದೆ ಹೋಗಬಹುದು, ಕೆಲಸ ಹೋಗಿಲ್ಲ. 2021ರ ಜೂನ್ 7ರಂದು ಆದಾಯ ತೆರಿಗೆ ಇಲಾಖೆಯ ಹೊಸ ಜಾಲತಾಣ ಬಂದಾಗ ಲಾಗಿನ್ ಆಗದ, ಓಟಿಪಿ ಬಾರದ, ಬಡ್ಡಿ ತಪ್ಪಾಗಿ ಲೆಕ್ಕವಾಗುವ ದೂರುಗಳು ತಿಂಗಳುಗಟ್ಟಲೆ ಬಂದವು. ಅದನ್ನು ಕಟ್ಟಿದ ಬೆಂಗಳೂರಿನ ಇನ್ಫೋಸಿಸ್ ಮುಖ್ಯಸ್ಥರನ್ನು ಹಣಕಾಸು ಸಚಿವರು ಆ ಆಗಸ್ಟ್‌ನಲ್ಲಿ ಕರೆಸಿ ವಿವರಣೆ ಕೇಳಿದರು, ರಿಟರ್ನ್ಸ್ ಸಲ್ಲಿಸುವ ಗಡುವನ್ನು ಮುಂದೂಡಬೇಕಾಯಿತು. ಪರೀಕ್ಷೆಗೆ ಕೊಡದೆ ಉಳಿಸಿದ ಹೊತ್ತು ಎಲ್ಲೂ ಉಳಿಯುವುದಿಲ್ಲ. ದೇಶದ ತೆರಿಗೆದಾರರೂ ಲೆಕ್ಕಪರಿಶೋಧಕರೂ ಸಂಬಳವಿಲ್ಲದ ಟೆಸ್ಟರ್‌ಗಳಾಗಿ ಅದನ್ನು ತೆರುತ್ತಾರೆ.

ಕಲಿಯುವವರು ಅಭ್ಯಾಸಕ್ಕೆಂದು ಸರ್ಕಾರಿ ಜಾಲತಾಣಗಳ ಮೇಲೆ ಕೈಯಾಡಿಸಬಾರದು. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ವ್ಯವಸ್ಥೆಗೆ ನುಗ್ಗುವುದು, ಅದನ್ನು ಮುಗ್ಗರಿಸುವಂತೆ ಮಾಡುವುದು 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಶಿಕ್ಷಾರ್ಹ. ತಮ್ಮದೇ ಆದ ಒಂದು ಪುಟ್ಟ ಪ್ರೋಗ್ರಾಮ್ ಸಾಕು: ವಿಸ್ತೀರ್ಣ ಮತ್ತು ಪಾಲುದಾರರ ಸಂಖ್ಯೆ ಕೊಟ್ಟರೆ ಒಬ್ಬೊಬ್ಬರ ಪಾಲು ಹೇಳುವಂಥದ್ದು. ಅದನ್ನು ಪೈಥಾನ್‌ನಲ್ಲೋ ಜಾವಾದಲ್ಲೋ ಒಂದು ಸಂಜೆಯಲ್ಲಿ ಬರೆಯಬಹುದು, ಪರೀಕ್ಷಿಸಲು ವಾರ ಹಿಡಿಯುತ್ತದೆ. ಪಾಲುದಾರರು ಸೊನ್ನೆ ಎಂದು ಕೊಟ್ಟರೆ? ವಿಸ್ತೀರ್ಣದಲ್ಲಿ 0-40 ಎಂದು ಬರೆದರೆ ಅದನ್ನು 1-00 ಎಂದು ತಿದ್ದಿಕೊಳ್ಳಬೇಕೋ ತಿರಸ್ಕರಿಸಬೇಕೋ? ಅಂಕಿಗಳನ್ನು ಕನ್ನಡದಲ್ಲಿ ಕೊಟ್ಟರೆ? ಮೂವರು ಅಣ್ಣತಮ್ಮಂದಿರಿಗೆ 2 ಎಕರೆ ಹಂಚಿ ನೋಡಲಿ. ತಲೆಗೆ 26 ಗುಂಟೆ 10 ಆಣೆ ಕೊಟ್ಟರೆ ಒಟ್ಟು 79 ಗುಂಟೆ 14 ಆಣೆಯಾಗಿ 2 ಆಣೆ ಜಮೀನು ಕಾಣೆಯಾಗುತ್ತದೆ. 26 ಗುಂಟೆ 11 ಆಣೆ ಕೊಟ್ಟರೆ ಇಲ್ಲದ 1 ಆಣೆ ಹುಟ್ಟಿಕೊಳ್ಳುತ್ತದೆ. 2 ಆಣೆ ಎಂದರೆ 136 ಚದರಡಿ, ಒಂದು ಕೊಟ್ಟಿಗೆ ಹಾಕುವಷ್ಟು ಜಾಗ. ಪ್ರೋಗ್ರಾಮ್ ಅದನ್ನು ಹಿರಿಯನಿಗೆ ಕೊಡಬೇಕೋ, ಕಿರಿಯನಿಗೋ, ಜಂಟಿಯಾಗಿ ಉಳಿಸಬೇಕೋ ಎಂಬುದಕ್ಕೆ ಜಾವಾದಲ್ಲಾಗಲಿ ಸೆಲೆನಿಯಂನಲ್ಲಾಗಲಿ ಉತ್ತರವಿಲ್ಲ. ಆ ಪ್ರಶ್ನೆಯನ್ನು ಹಾಳೆಯ ಮೇಲೆ ಸ್ಪಷ್ಟವಾಗಿ ಬರೆದುಕೊಂಡು ಗ್ರಾಮ ಆಡಳಿತಾಧಿಕಾರಿಯನ್ನೋ ತಾಲ್ಲೂಕು ಸರ್ವೆಯರನ್ನೋ ಹೋಗಿ ಕೇಳಬೇಕು; ಅವರಿಬ್ಬರೂ ಬೇರೆ ಬೇರೆ ಉತ್ತರ ಹೇಳಿದರೆ ಅದನ್ನೂ ವರದಿಯಲ್ಲಿ ಬರೆಯಬೇಕು.